ಗುಡ್ಡ ಇಳಿದ ಮೇಲೆ ಗ್ಲಾಸಿನ ಆಗ್ರಹ

ಎರಡು ವಾರದ ಹಿಂದಿನ ಭಾನುವಾರ, ನಡುಮಧ್ಯಾಹ್ನ, ಹುಬ್ಬಳ್ಳಿಯ ಒಂದು ಹೊಸ ಬ್ರೂವರಿಯಲ್ಲಿ ನಾನು ಒಂದು ಗ್ಲಾಸ್ ಬಿಯರನ್ನು ಪಕ್ಕದಲ್ಲಿದ್ದ ಹೂಕುಂಡಕ್ಕೆ ಸುರಿದೆ. ಸುರಿದ ಮೇಲೆ ಗೊತ್ತಾಯಿತು, ಗಿಡ ಪ್ಲಾಸ್ಟಿಕ್ಕಿನದು. ಕುಂಡದಲ್ಲಿ ಮಣ್ಣೂ ಇರಲಿಲ್ಲ, ಬರೀ ಬಣ್ಣದ ಹರಳು. ಬಿಯರ್ ಕುಂಡದ ತಳದಿಂದ ಹೊರಬಂದು, ನೆಲದ ಮೇಲೆ ಹರಿದು, ಪಕ್ಕದ ಟೇಬಲ್ಲಿನವರ ಚಪ್ಪಲಿಯವರೆಗೆ ಹೋಯಿತು.

ಇಡೀ ಬ್ರೂವರಿ ನನ್ನನ್ನೇ ನೋಡಿತು. ನೋಡದೆ ಇನ್ನೇನು ಮಾಡೀತು? ನರೆತ ಕೂದಲು, ಕಾಟನ್ ಸೀರೆ, ಕಾಲಲ್ಲಿ ಕೆಸರು ಮೆತ್ತಿದ ಸ್ಪೋರ್ಟ್ಸ್ ಶೂ. (ಹೌದು, ಸೀರೆಗೆ ಸ್ಪೋರ್ಟ್ಸ್ ಶೂ. ಈ ಅಂಕಣ ಓದುವವರಿಗೆ ನನ್ನ ಫ್ಯಾಶನ್ ಹೊಸದಲ್ಲ.) ವೇಟರ್ ಓಡಿಬಂದು ನೆಲ ಒರೆಸತೊಡಗಿದ. ಅವನಿಗೆ ಮಾತ್ರ ನಾನು ಸಾರಿ ಕೇಳಿದೆ. ಉಳಿದ ಯಾರಿಗೂ ಕೇಳಲಿಲ್ಲ, ಇನ್ನೂ ಕೇಳಿಲ್ಲ, ಕೇಳುವ ವಿಚಾರವೂ ಇಲ್ಲ.

ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಹಾಗಾಗಿ ಈ ವಾರ ನಗಿಸುವ ಅಂಕಣ ಬೇಕಿದ್ದವರು ಪುಟ ತಿರುವಬಹುದು.

ಮೊದಲೇ ಒಂದು ಮಾತು. ನಾನು ಕುಡಿಯುವವರ ವೈರಿ ಅಲ್ಲ. ಬ್ಯಾಂಕಿನಲ್ಲಿ ನೌಕರಿ ಮಾಡಿ ರಿಟೈರ್ ಆದವಳು, ಆಫೀಸ್ ಪಾರ್ಟಿಗಳನ್ನು ಸಾಕಷ್ಟು ನೋಡಿದ್ದೇನೆ. ಯಾರು ಎಷ್ಟು ಕುಡಿದರೆ ಹಾಡುತ್ತಾರೆ, ಯಾರು ಎಷ್ಟು ಕುಡಿದರೆ ಮ್ಯಾನೇಜರನ್ನು ಬೈಯುತ್ತಾರೆ, ಎಲ್ಲ ಗೊತ್ತು. ಅವತ್ತು ನಾನೂ ಒಂದು ಗುಟುಕು ಗೋಧಿ ಬಿಯರ್ ರುಚಿ ನೋಡಿದೆ. ಕೆಟ್ಟದ್ದೇನಿರಲಿಲ್ಲ. ಆದ್ದರಿಂದ ಕುಡಿತದ ಪರವಾಗಿಯೂ ವಿರೋಧವಾಗಿಯೂ ದಯವಿಟ್ಟು ನನಗೆ ಭಾಷಣದ ಮೇಲ್ ಕಳಿಸಬೇಡಿ. ನನ್ನ ತಕರಾರು ಬೇರೆಯೇ ಇದೆ.

ನಮ್ಮ ವಿದ್ಯಾನಗರದ ಓಣಿಯಲ್ಲಿ ‘ಸಂಡೇ ಗುಡ್ಡ’ ಎಂಬ ವಾಟ್ಸಾಪ್ ಗ್ರೂಪ್ ಇದೆ. ಭಾನುವಾರ ಬೆಳಿಗ್ಗೆ ಲಗೂ ಎದ್ದು, ನಾಲ್ಕು ಕಾರುಗಳಲ್ಲಿ ತುಂಬಿಕೊಂಡು, ಸುತ್ತಮುತ್ತಲಿನ ಯಾವುದಾದರೂ ಸಣ್ಣ ಗುಡ್ಡ ಹತ್ತಿ ಇಳಿಯುವುದು. ಟ್ರೆಕ್ಕಿಂಗ್ ಎನ್ನುವಷ್ಟು ದೊಡ್ಡದಲ್ಲ. ನಮ್ಮ ವಯಸ್ಸಿಗೆ, ನಮ್ಮ ಮೊಣಕಾಲಿಗೆ ಹೊಂದುವಂಥದ್ದು. ಇಳಿದ ಮೇಲೆ ರಸ್ತೆ ಬದಿಯ ಚಹಾದಂಗಡಿಯಲ್ಲಿ ಗಿರ್ಮಿಟ್, ಮಿರ್ಚಿ ಭಜಿ, ಎರಡು ಸಲ ಚಹಾ. ನಡೆದು ಕರಗಿಸಿದ್ದನ್ನೆಲ್ಲ ಅಲ್ಲಿಯೇ ವಾಪಸ್ ತುಂಬಿಕೊಂಡು ಮನೆಗೆ ಬರುವುದು. ಒಳ್ಳೆಯ ಪದ್ಧತಿ.

ಗ್ರೂಪ್ ಕಟ್ಟಿದವರು ವಿಜಯಣ್ಣ. ಹತ್ತಿ ವ್ಯಾಪಾರ, ದೊಡ್ಡ ಮನೆ, ಅದಕ್ಕಿಂತ ದೊಡ್ಡ ಕೈ. ಓಣಿಯಲ್ಲಿ ಯಾರ ಮನೆಯ ಲಗ್ನವಾದರೂ ಪಂಗ್ತಿಯ ನಡುವೆ ಜಿಲೇಬಿ ಬುಟ್ಟಿ ಹಿಡಿದು ನಿಲ್ಲುವವರು ಅವರೇ. ಅವರ ಬಲಗೈ ನಮ್ಮ ಪ್ರೊಫೆಸರು. ಇತಿಹಾಸ ಕಲಿಸಿ ನಿವೃತ್ತರಾದವರು. ಹೋದ ವರ್ಷ ಯುರೋಪ್ ಟೂರ್ ಮುಗಿಸಿ ಬಂದಿದ್ದಾರೆ, ಅದನ್ನು ಮರೆಯಲು ನಮಗೂ ಬಿಡುವುದಿಲ್ಲ.

ಇನ್ನೊಬ್ಬ ನನ್ನ ತಮ್ಮ. ಹೆಸರು ಹಾಕಬೇಡ, ಉಳಿದದ್ದೆಲ್ಲ ಬರಿ ಎಂದಿದ್ದಾನೆ. ಹಾಗಾಗಿ ತಮ್ಮ ಎಂದೇ ಕರೆಯುತ್ತೇನೆ. ಹಳೇ ಹುಬ್ಬಳ್ಳಿಯಲ್ಲಿ ಅವನದೊಂದು ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಸಭೆ ಸಮಾರಂಭದ ಬ್ಯಾನರು, ಎಲ್ಲ ಮಾಡುತ್ತಾನೆ. ನನ್ನ ಮನೆಯಿಂದ ಮೂರನೇ ಗೇಟು ಅವನದು.

ಅವನು ಕುಡಿಯುತ್ತಿದ್ದ. ಪಾರ್ಟಿಯಲ್ಲಿ ಕುಡಿಯುವವರ ಹಾಗಲ್ಲ, ರೋಗ ಹಿಡಿದವನ ಹಾಗೆ. ವಾರದ ದಿನ ಹೇಗೋ ಪ್ರೆಸ್ಸಿನ ಸದ್ದಿನಲ್ಲಿ ಸಂಜೆಯವರೆಗೆ ತಡೆದುಕೊಳ್ಳುತ್ತಿದ್ದ. ಭಾನುವಾರ ಪ್ರೆಸ್ಸಿಗೆ ರಜೆ, ಅವತ್ತು ಬೆಳಿಗ್ಗೆಯೇ ಶುರು. ಗೇಟಿನ ಚಿಲಕ ತೆಗೆಯುವ ಸದ್ದಿನಿಂದಲೇ ಅವನು ಯಾವ ಸ್ಥಿತಿಯಲ್ಲಿದ್ದಾನೆ ಎಂದು ಅವನ ಹೆಂಡತಿ ಗೌರಿ ಹೇಳಬಲ್ಲವಳಾಗಿದ್ದಳು. ಕೊನೆಗೆ ಲಿವರ್ ಕೈಕೊಟ್ಟಿತು. ಆಸ್ಪತ್ರೆ ಸೇರಿದ, ಹೊರಬಂದ, ಮತ್ತೆ ಕುಡಿದ, ಮತ್ತೆ ಸೇರಿದ. ಎರಡನೇ ಸಲ ಹೊರಬಂದವನು ಮುಟ್ಟಲಿಲ್ಲ. ಆಗ ಡಾಕ್ಟರು ಹೇಳಿದ್ದು ಒಂದೇ ಮಾತು. ನೀವು ಯಾವ ದಿನ ಹೆಚ್ಚು ಕುಡಿಯುತ್ತಿದ್ದಿರೋ ಆ ದಿನ ಮನೆಯಲ್ಲಿ ಸುಮ್ಮನೆ ಕೂರಬೇಡಿ.

ಹಾಗೆ ಅವನು ಗುಡ್ಡಕ್ಕೆ ಬಂದ. ಗೌರಿಯೇ ಒಂದು ಜೋಡಿ ಶೂ ತಂದಿಟ್ಟು ಕಳಿಸಿದಳು. ಮೊದಲ ತಿಂಗಳು ಎಲ್ಲರಿಗಿಂತ ಹಿಂದೆ ಉಳಿಯುತ್ತಿದ್ದ. ಬರಬರುತ್ತ ಎಲ್ಲರಿಗಿಂತ ಮೊದಲು ತುದಿ ಮುಟ್ಟಿ, ನಾವು ಏದುಸಿರು ಬಿಡುತ್ತ ಬರುವುದನ್ನು ನೋಡುತ್ತ ಕೂರುವವನಾದ. ಭಾನುವಾರ ಅವನಿಗೆ ಹಬ್ಬದ ದಿನ ಆಯಿತು. ಶನಿವಾರ ಸಂಜೆಯೇ ಶೂ ಒರೆಸಿ ಇಡುತ್ತಿದ್ದ. ಕುಡಿತ ಬಿಟ್ಟ ಕಥೆಯನ್ನು ಗ್ರೂಪಿನಲ್ಲಿ ಅವನು ಯಾರಿಗೂ ಹೇಳಲಿಲ್ಲ. ಯಾಕೆ ಹೇಳಬೇಕು? ನಡೆಯಲು ಬಂದವನು ಮೆಡಿಕಲ್ ರಿಪೋರ್ಟ್ ತೋರಿಸಬೇಕೇ?

ಹೀಗಿರುವಾಗ ಊರಿಗೆ ಹೊಸ ಬ್ರೂವರಿ ಬಂತು. ಗಾಜಿನ ಗೋಡೆ, ಅದರ ಹಿಂದೆ ತಾಮ್ರದ ಬಣ್ಣದ ದೊಡ್ಡ ದೊಡ್ಡ ಹಂಡೆಗಳು, ನಮ್ಮ ಕಣ್ಣೆದುರೇ ಬಿಯರ್ ಕುದಿಯುತ್ತದೆ. ಪ್ರೊಫೆಸರು ಅಲ್ಲಿಗೆ ಒಂದು ಸಲ ಹೋಗಿಬಂದವರೇ ಗ್ರೂಪಿನಲ್ಲಿ ಲೇಖನದಷ್ಟು ಉದ್ದದ ಮೆಸೇಜ್ ಹಾಕಿದರು. ಯುರೋಪಿನಲ್ಲಿ ಜನ ಮೊದಲು ಗುಡ್ಡ ಹತ್ತುತ್ತಾರೆ, ಇಳಿದು ಆ ಊರಿನದೇ ಬಿಯರ್ ಕುಡಿಯುತ್ತಾರೆ, ಅದೊಂದು ಸಂಸ್ಕೃತಿ, ನಾವೂ ಯಾಕೆ ಮಾಡಬಾರದು ಇತ್ಯಾದಿ. ವಿಜಯಣ್ಣ ಎರಡು ಕೈ ಮುಗಿದ ಚಿತ್ರ ಹಾಕಿದರು. ಮರುದಿನ ಗ್ರೂಪಿನ ಹೆಸರು ‘ಗುಡ್ಡ ಮತ್ತು ಗ್ಲಾಸ್’ ಎಂದಾಯಿತು.

ಗಿರ್ಮಿಟ್ ಅಂಗಡಿಯವನಿಗೆ ಯಾರೂ ಹೇಳಲಿಲ್ಲ ಎಂದು ಕಾಣುತ್ತದೆ.

ಆ ಶನಿವಾರ ತಮ್ಮ ಬಂದು ನಮ್ಮ ಕಟ್ಟೆಯ ಮೇಲೆ ಕೂತ. "ಅಕ್ಕಾ, ನಾಳೆ ನೀನೂ ಬಾ," ಎಂದ. ನಾನು ನಾಲ್ಕು ವಾರ ಮೊಣಕಾಲಿನ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಅವನು ಎಂದೂ ಕರೆದವನಲ್ಲ. ವಿಷಯ ಏನೆಂದು ಕೇಳುವ ಅಗತ್ಯ ಬೀಳಲಿಲ್ಲ.

"ಇದೊಂದು ವಾರ ಬಿಟ್ಟ ಬಿಡಪಾ," ಎಂದೆ.

"ಬಿಟ್ರ ಮುಂದಿನ ವಾರನೂ ಬಿಡಬೇಕಾಗ್ತೈತಿ. ಅವ್ರೇನ ಇನ್ನ ದರ ವಾರ ಅಲ್ಲೇ ಹೋಗ್ತಾರ. ಗುಡ್ಡ ಬಿಟ್ರ ಸಂಡೇ ದಿನ ನಾ ಮನ್ಯಾಗ ಏನ ಮಾಡ್ಲಿ? ಹೋಗ್ತೇನಿ, ಲಿಂಬು ಸೋಡಾ ಕುಡೀತೇನಿ, ಬರ್ತೇನಿ. ನೀ ಬಾಜೂಕ ಕುಂದ್ರು, ಅಷ್ಟ."

ಅಷ್ಟೇ. ಅವನು ನನ್ನಿಂದ ಕೇಳಿದ್ದು ಪಕ್ಕದ ಕುರ್ಚಿಯಲ್ಲಿ ಕೂರುವುದನ್ನು.

ಕಲಘಟಗಿ ಕಡೆಯ ಒಂದು ಗುಡ್ಡಕ್ಕೆ ಹೋದೆವು. ಮಳೆ ಹಿಂದೆಗೆದ ದಿನಗಳು, ಹುಲ್ಲು ಮೊಣಕಾಲು ಮುಟ್ಟುತ್ತಿತ್ತು, ಅದರ ನಡುವೆ ಹಳದಿ ಕಾಡುಹೂ. ತುದಿಯಲ್ಲಿ ಒಂದು ಬಸವಣ್ಣನ ಕಲ್ಲು. ಅಲ್ಲಿ ನಿಂತರೆ ಒಂದು ಕಡೆ ಎರೆಹೊಲ ಕಪ್ಪಗೆ ಹಾಸಿಕೊಂಡಿರುತ್ತದೆ, ಇನ್ನೊಂದು ಕಡೆ ಕಾಡು ಶುರುವಾಗುತ್ತದೆ. ಮೊದಲೆಲ್ಲ ಅಲ್ಲಿ ಹಚ್ಚಿದ ಅವಲಕ್ಕಿ ತಿನ್ನುತ್ತ ಒಂದು ತಾಸು ಹರಟೆ ಹೊಡೆಯುತ್ತಿದ್ದೆವು. ಅವತ್ತು ಯಾರೂ ಕೂರಲಿಲ್ಲ. "ಲಗೂ ಇಳೀರಿ, ಟೇಬಲ್ ಬುಕ್ ಮಾಡೇನಿ," ಎಂದು ವಿಜಯಣ್ಣ ಹತ್ತುವಾಗಲೇ ಹೇಳುತ್ತಿದ್ದರು. ಸೆಲ್ಫಿ ಆಯಿತು, ಗ್ರೂಪ್ ಫೋಟೋ ಆಯಿತು, ಎಲ್ಲರೂ ಇಳಿಯತೊಡಗಿದರು. ಊಟದ ಮೊದಲು ಮಂಗಳಾರತಿ ಬೇಗ ಮುಗಿಯಲಿ ಎಂದು ಕಾಯುವ ಮಂದಿಯ ಹಾಗೆ ಗುಡ್ಡವನ್ನು ಮುಗಿಸಿದರು. ತಮ್ಮ ಮಾತ್ರ ಬಸವಣ್ಣನ ಪಕ್ಕ ಕೂತಿದ್ದ. ಎಲ್ಲರೂ ಕರೆದ ಮೇಲೆ ಎದ್ದ.

ಇನ್ನು ಆಗ್ರಹದ ವಿಷಯ. ನಮ್ಮ ಕಡೆಯ ಲಗ್ನದ ಪಂಗ್ತಿಯಲ್ಲಿ ಉಂಡವರಿಗೆ ಇದನ್ನು ಹೇಳಬೇಕಿಲ್ಲ, ಬೇರೆ ಸೀಮೆಯವರಿಗೆ ಹೇಳಬೇಕು. ಇಲ್ಲಿ ಬಡಿಸುವುದು ಬೇರೆ, ಆಗ್ರಹ ಮಾಡುವುದು ಬೇರೆ. ಹಸಿದಾಗ ಹಾಕಿದರೆ ಅದು ಬಡಿಸುವುದು. ಹೊಟ್ಟೆ ತುಂಬಿ, ಸಾಕು ಎಂದು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಾಗ ಶುರುವಾಗುವುದು ಆಗ್ರಹ. ಆ ಅಡ್ಡ ಹಿಡಿದ ಕೈಯ ಮೇಲೆಯೇ ತುಪ್ಪ ಸುರಿದವರನ್ನು ನಾನು ನೋಡಿದ್ದೇನೆ. ಮೊದಲನೇ ‘ಬ್ಯಾಡ’ ನಮ್ಮಲ್ಲಿ ಬರೀ ಮರ್ಯಾದೆಗೆ. ಎರಡನೆಯದು ನಾಚಿಕೆಗೆ. ಮೂರನೆಯದನ್ನು ಕೇಳಿಸಿಕೊಂಡರೆ ಬೀಗರು ಮುನಿಸಿಕೊಳ್ಳುತ್ತಾರೆ ಎಂಬ ಭಯ. ಆಗ್ರಹ ಮಾಡದ ಮನೆಯಲ್ಲಿ ಉಂಡು ಬಂದವರು ಹೊರಗೆ ಬಂದು ಏನನ್ನುತ್ತಾರೆ ಗೊತ್ತಲ್ಲ? ಊಟ ಛಲೋ ಇತ್ತು, ಆದರೆ ಮನೆಯವರಿಗೆ ಪ್ರೀತಿ ಇಲ್ಲ.

ಇದನ್ನು ನಾವು ನಮ್ಮ ದೊಡ್ಡಸ್ತಿಕೆ ಎಂದು ಹೇಳಿಕೊಂಡು ತಿರುಗುತ್ತೇವೆ. ಹೋಳಿಗೆ, ಜಿಲೇಬಿ, ತುಪ್ಪದ ಮಟ್ಟಿಗೆ ನಾನೂ ಹೇಳಿಕೊಂಡಿದ್ದೇನೆ. (ಆಗ್ರಹದಿಂದ ಶುಗರ್ ಏರಿಸಿಕೊಂಡವರ ಸಾಲಿನಲ್ಲಿ ಮೊದಲನೇ ಕುರ್ಚಿ ನನ್ನದೇ.) ಆದರೆ ಆ ಜಿಲೇಬಿ ಬುಟ್ಟಿಯ ಕೈಗೆ ಬಿಯರ್ ಗ್ಲಾಸ್ ಕೊಟ್ಟರೆ ಏನಾಗುತ್ತದೆ ಎಂದು ನಾನು ಅವತ್ತಿನವರೆಗೆ ಯೋಚಿಸಿರಲಿಲ್ಲ.

ಟೇಬಲ್ಲಿಗೆ ಕೂತೆವು. ತಮ್ಮ ಹೇಳಿದ ಹಾಗೆಯೇ ಲಿಂಬು ಸೋಡಾ ಆರ್ಡರ್ ಮಾಡಿದ. ನಾನು ಅವನ ಬಾಜೂಕೆ ಕೂತೆ. ವಿಜಯಣ್ಣ ಎಲ್ಲರಿಗೂ ಸೇರಿಸಿ ರುಚಿ ನೋಡುವ ಟ್ರೇ ತರಿಸಿದರು. ಉದ್ದನೆಯ ಹಲಗೆ, ಅದರಲ್ಲಿ ಸಾಲಾಗಿ ಪುಟ್ಟ ಪುಟ್ಟ ಗ್ಲಾಸು, ಒಂದೊಂದರಲ್ಲಿ ಒಂದೊಂದು ಬಣ್ಣದ ಬಿಯರ್. ನೋಡಲು ಚಂದ.

ಸೋಡಾ ಬಂದದ್ದೇ ವಿಜಯಣ್ಣನ ಕಣ್ಣು ಅದರ ಮೇಲೆ ಬಿತ್ತು. "ಏನಪಾ ತಮ್ಮಾ, ಲಿಂಬು ಸೋಡಾ ಕುಡ್ಯಾಕ ಇಲ್ಲೀತನಕಾ ಬರಬೇಕಾ? ಓಣ್ಯಾಗ ಸಿಗೂದಿಲ್ಲೇನು?"

"ಬ್ಯಾಡ್ರಿ ಅಣ್ಣಾರ. ನನಗ ಇದ ಸಾಕು."

"ಕುಡಿ ಅಂತ ಯಾರ ಅಂದ್ರು? ರುಚಿ ನೋಡು. ಇಷ್ಟ ಸಣ್ಣ ಗ್ಲಾಸ ಐತಿ. ತೀರ್ಥ ಇದ್ದಂಗ."

"ಬ್ಯಾಡ್ರಿ."

ಈಗ ಪ್ರೊಫೆಸರ ಸರದಿ. ಅವರು ಒಂದು ಗ್ಲಾಸನ್ನು ಬೆಳಕಿಗೆ ಹಿಡಿದರು. "ಇದು ಏನದ ಗೊತ್ತದ ಏನು? ಜ್ವಾಳದ್ದು. ನಮ್ಮ ಬಿಳಿ ಜ್ವಾಳ. ರೊಟ್ಟಿ ತಿಂತೀರೋ ಇಲ್ಲೋ? ಅದೇ ಜ್ವಾಳ ಇದು. ಪರದೇಶದ್ದಲ್ಲ, ನಮ್ಮ ಮಣ್ಣಿಂದು."

ಹೀಗೆ ನನ್ನ ತಮ್ಮ ಬಿಯರ್ ಬೇಡ ಎಂದದ್ದು ಎರಡು ನಿಮಿಷದಲ್ಲಿ ಜೋಳಕ್ಕೆ ಮಾಡಿದ ಅವಮಾನ ಆಯಿತು. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ನಾಡದ್ರೋಹವೂ ಆಗುತ್ತಿತ್ತು. ಟೇಬಲ್ಲಿನ ಎಲ್ಲರೂ ಸೇರಿಕೊಂಡರು. ಒಬ್ಬರು "ಅವಗ ಹೆಂಡ್ತಿ ಹೆದರಿಕಿ," ಎಂದರು. ಇನ್ನೊಬ್ಬರು "ಅಕ್ಕಾರು ಬಾಜೂಕ ಕುಂತಾರಲ್ಲ, ಅದಕ್ಕ," ಎಂದರು. ನಗು. ಯಾರ ನಗುವಿನಲ್ಲೂ ವಿಷ ಇರಲಿಲ್ಲ, ಅದನ್ನು ಒಪ್ಪುತ್ತೇನೆ. ಅದೇ ನನಗೆ ಹೆಚ್ಚು ಸಿಟ್ಟು ತರಿಸುವುದು. ವಿಷ ಇದ್ದಿದ್ದರೆ ಎದ್ದು ಬರುವುದು ಸುಲಭವಿತ್ತು.

ತಮ್ಮ ಸೋಡಾ ಗ್ಲಾಸನ್ನು ಕೆಳಗಿಟ್ಟ. ಎಲ್ಲರ ಕಡೆ ನೋಡಿ, ಸಣ್ಣ ದನಿಯಲ್ಲಿ ಹೇಳಿದ.

"ಅಣ್ಣಾರ, ನಾ ಕುಡೀತಿದ್ದೆ. ಭಾಳ ಕುಡೀತಿದ್ದೆ. ದವಾಖಾನ್ಯಾಗ ಬಿದ್ದು ಎದ್ದು ಬಿಟ್ಟೇನಿ. ಖರೇ ಹೇಳ್ತೇನಿ, ಬಿಡಾಕ ಜೀವ ಹೋಗಿ ಬಂದೈತಿ. ನನಗ ಒಂದ ಗುಟುಕೂ ನಡಿಯೂದಿಲ್ಲ. ಒತ್ತಾಯ ಮಾಡಬ್ಯಾಡ್ರಿ."

ಇಷ್ಟು ದಿನ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು, ಹಾಡು ಕೇಳಿಬರುತ್ತಿದ್ದ ಆ ಹಾಲ್‌ನಲ್ಲಿ, ಭಜಿ ಪ್ಲೇಟುಗಳ ನಡುವೆ ಅವನು ಹೇಳಿದ್ದ. ಹೇಳುವಾಗ ಅವನ ಕಿವಿ ಕೆಂಪಾಗಿದ್ದವು. ಮುಗಿಯಿತು, ಇನ್ನು ಯಾರೂ ಏನೂ ಅನ್ನುವುದಿಲ್ಲ ಎಂದುಕೊಂಡೆ.

ವಿಜಯಣ್ಣ ಎದ್ದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ನಾಟಕವಲ್ಲ, ನಿಜವಾದ ನೀರು. ಬಂದು ತಮ್ಮನನ್ನು ಅಪ್ಪಿಕೊಂಡರು. "ಎಂಥಾ ಗಟ್ಟಿ ಮನಷ್ಯಾ ಅದೀಪಾ ನೀ," ಎಂದರು. ಆಮೇಲೆ ಟೇಬಲ್ಲಿನ ಮೇಲಿದ್ದ ತುಂಬಿದ ದೊಡ್ಡ ಗ್ಲಾಸೊಂದನ್ನು ತೆಗೆದು ಅವನ ಕೈಯಲ್ಲಿಟ್ಟು, ಅವನ ಬೆರಳುಗಳನ್ನು ತಾವೇ ಅದರ ಸುತ್ತ ಮಡಚಿದರು.

"ಇದಕ್ಕ ಒಂದು ಚಿಯರ್ಸ್ ಆಗಬೇಕು. ಒಂದ ಗುಟುಕು. ನಾವೆಲ್ಲಾ ಇಲ್ಲೇ ಅದೇವಿ. ನಮ್ಮ ಮುಂದ ನಿನಗ ಏನೂ ಆಗಾಕ ಬಿಡೂದಿಲ್ಲ."

ಇನ್ನೊಮ್ಮೆ ಓದಿಕೊಳ್ಳಿ. ಕುಡಿತ ಬಿಟ್ಟವನ ಸಾಹಸಕ್ಕೆ ಗೌರವ ಸಲ್ಲಿಸಲು ಅವನಿಗೇ ಬಿಯರ್. ಸುತ್ತಲಿದ್ದವರೆಲ್ಲ ಗ್ಲಾಸ್ ಎತ್ತಿದರು. ಪ್ರೊಫೆಸರೂ ಎತ್ತಿದರು. ಅಷ್ಟು ಓದಿದ ಮನುಷ್ಯನಿಗೆ, ಅಷ್ಟು ಒಳ್ಳೆಯ ಮಂದಿಗೆ, ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಅವರ ಕಿವಿಗೆ ಅದು ಮೂರನೇ ‘ಬ್ಯಾಡ’. ಅದನ್ನು ಕೇಳಿಸಿಕೊಂಡರೆ ಪ್ರೀತಿಯಲ್ಲಿ ಕೊರತೆ.

ತಮ್ಮ ಗ್ಲಾಸನ್ನು ನೋಡುತ್ತಿದ್ದ. ನಮ್ಮನ್ನಲ್ಲ, ಗ್ಲಾಸನ್ನು. ಆ ನೋಟ ನನಗೆ ಗೊತ್ತು. ಗೌರಿಗೂ ಗೊತ್ತು. ಅವನ ಕೈ ಎದೆಯ ಮಟ್ಟಕ್ಕೆ ಬಂದಿತ್ತು.

ಆಗ ನಾನು ಅದನ್ನು ಕಿತ್ತುಕೊಂಡು ಕುಂಡಕ್ಕೆ ಸುರಿದೆ.

"ಅಕ್ಕಾರ, ಏನಿದು," ಎಂದರು ಪ್ರೊಫೆಸರು. "ಪ್ರೀತಿಲೆ ಕೊಟ್ಟಾರ. ಎಲ್ಲಾರೂ ನೋಡಾಕತ್ತಾರ."

"ಪ್ರೀತಿ ಇದ್ರ ಇನ್ನೊಂದು ಲಿಂಬು ಸೋಡಾ ಹೇಳ್ರಿ," ಎಂದೆ.

ಯಾರೂ ಹೇಳಲಿಲ್ಲ. ವಿಜಯಣ್ಣನ ಮುಖ ಸಣ್ಣಗಾಗಿತ್ತು. ಜಿಲೇಬಿ ಬೇಡ ಎಂದು ಯಾರೋ ಎಲೆ ಬಿಟ್ಟು ಎದ್ದರೆ ಹೇಗೆ ಆಗುತ್ತದೋ ಹಾಗೆ. ಅವರಿಗೆ ನೋವಾಗಿತ್ತು, ನನಗೆ ಕಾಣಿಸಿತು. ಆ ನೋವಿಗೆ ಸಮಾಧಾನ ಹೇಳುವ ಕೆಲಸ ನನ್ನದು ಎಂದು ಅನಿಸಲಿಲ್ಲ. ನಾವಿಬ್ಬರೂ ಹೊರಗೆ ಬಂದು ಆಟೋ ಹಿಡಿದೆವು. (ಉಳಿದವರು ಆಮೇಲೆ ತಮ್ಮ ತಮ್ಮ ಕಾರು ತಾವೇ ಓಡಿಸಿಕೊಂಡು ಹೋದರು. ಅದರ ಬಗ್ಗೆ ಬರೆಯಲು ಇನ್ನೊಂದು ಸಿಟ್ಟು ಬೇಕು.)

ಆಟೋದಲ್ಲಿ ತಮ್ಮ, ಉಣಕಲ್ ಕ್ರಾಸ್ ದಾಟಿದ ಮೇಲೆ, "ನೀ ಕಸಗೊಂಡಿದ್ದು ಛಲೋ ಆತೋ ಇಲ್ಲೋ ಗೊತ್ತಿಲ್ಲಕ್ಕಾ," ಎಂದ. "ನಾನ ಅದನ್ನ ಟೇಬಲ್ ಮ್ಯಾಲ ಇಡಬೇಕಾಗಿತ್ತು."

"ಇಡತಿದ್ದೇನು?"

ಅವನು ಹೊರಗೆ ನೋಡಿದ. "ಅದ ನನಗೂ ಗೊತ್ತಿಲ್ಲ," ಎಂದ. ಅವತ್ತು ಸಂಜೆ ಗೌರಿ ಅವನ ಜೊತೆ ಪ್ರೆಸ್ಸಿಗೆ ಹೋದಳು. ರಜೆಯ ದಿನ ಬಾಗಿಲು ತೆಗೆದು, ಬೇಕೋ ಬೇಡವೋ, ಇಬ್ಬರೂ ಕೂತು ಯಾರದೋ ಲಗ್ನಪತ್ರಿಕೆ ಮಡಚಿದರಂತೆ. ಕತ್ತಲಾಗುವವರೆಗೆ ಮಡಚಿದರಂತೆ.

ಒಂದು ಪ್ರಶ್ನೆ ಕೇಳುತ್ತೇನೆ. ನನ್ನ ತಮ್ಮ ಅವತ್ತು ಕೊರಳಲ್ಲಿ ಮಾಲೆ ಹಾಕಿಕೊಂಡು ಬಂದಿದ್ದರೆ? ಕಪ್ಪು ಲುಂಗಿ ಉಟ್ಟು, ವ್ರತದಲ್ಲಿದ್ದೇನೆ ಎಂದಿದ್ದರೆ? ಅವನ ಮುಂದೆ ಗ್ಲಾಸ್ ಇಡುವುದಿರಲಿ, ಅವನು ಕೂತ ಟೇಬಲ್ಲಿನಲ್ಲಿ ಯಾರೂ ಬಿಯರ್ ಮುಟ್ಟುತ್ತಿರಲಿಲ್ಲ. ವಿಜಯಣ್ಣ ಮೊದಲು ಕಾಲಿಗೆ ಬೀಳುತ್ತಿದ್ದರು. ಶ್ರಾವಣ ಎಂದಿದ್ದರೂ ನಡೆಯುತ್ತಿತ್ತು. ಸೋಮವಾರದ ಉಪವಾಸ ಎಂದಿದ್ದರೂ ನಡೆಯುತ್ತಿತ್ತು. ದೇವರಿಗಾಗಿ ಒಂದು ತಿಂಗಳು ಬಿಟ್ಟವನ ‘ಬ್ಯಾಡ’ ನಮ್ಮ ಊರಿಗೆ ತಕ್ಷಣ ಕೇಳಿಸುತ್ತದೆ. ಹೆಂಡತಿಗಾಗಿ, ಲಿವರಿಗಾಗಿ, ಬದುಕಬೇಕು ಎಂಬ ಒಂದೇ ಆಸೆಗಾಗಿ ಬಿಟ್ಟವನದು ಕೇಳಿಸುವುದಿಲ್ಲ. ಅವನು ಸುಳ್ಳು ಹೇಳಿ, ದೇವರ ಹೆಸರಿನಲ್ಲಿ ಅಡಗಿಕೊಳ್ಳಬೇಕೇನು? ನಿಜ ಹೇಳಿದ್ದೇ ತಪ್ಪಾಯಿತೇನು?

"ಒಂದ ಗುಟುಕಿಗೆ ಏನಾಗ್ತೈತಿ" ಎನ್ನುವವರಿಗೆ ನನ್ನ ಉತ್ತರ ಸಣ್ಣದು. ನಿಮಗೆ ಏನೂ ಆಗುವುದಿಲ್ಲ. ನೀವು ಮನೆಗೆ ಹೋಗಿ ಮಲಗುತ್ತೀರಿ. ಆ ಗುಟುಕಿನ ನಂತರದ ವಾರ, ತಿಂಗಳು, ಅದರ ಗೇಟಿನ ಸದ್ದು, ಎಲ್ಲವೂ ಇನ್ನೊಬ್ಬರ ಮನೆಯಲ್ಲಿ ಆಗುತ್ತದೆ. ಆ ಮನೆಯಲ್ಲಿ ನೀವು ಇರುವುದಿಲ್ಲ. "ನಾವೆಲ್ಲಾ ಅದೇವಿ" ಎಂದ ಒಬ್ಬರೂ ಇರುವುದಿಲ್ಲ.

ಎರಡು ದಿನ ಬಿಟ್ಟು ವಿಜಯಣ್ಣ ನಮ್ಮ ಮನೆಗೆ ಬಂದರು. ಕೈಯಲ್ಲಿ ಫೇಡೆ ಬಾಕ್ಸು. ಬಂದವರನ್ನು ಬರಬೇಡಿ ಎನ್ನುವುದು ನನ್ನಿಂದಲೂ ಆಗುವುದಿಲ್ಲ, ನಾನೂ ಇದೇ ಊರಿನವಳು. ಚಹಾ ಮಾಡಿದೆ. ಅವರು ಕುರ್ಚಿಯ ಅಂಚಿನಲ್ಲಿ ಕೂತು, ಬಹಳ ಮೆಲ್ಲಗೆ ಮಾತು ಶುರು ಮಾಡಿದರು.

"ಅಕ್ಕಾರ, ಅವತ್ತಿಂದು ಮನಸ್ಸಿಗೆ ಹಚಗೋಬ್ಯಾಡ್ರಿ. ನಮಗ ಗೊತ್ತಿರಲಿಲ್ಲ. ನನಗರ ಎರಡ ರಾತ್ರಿ ನಿದ್ದಿ ಬಂದಿಲ್ಲ. ಎಲ್ಲಾರೂ ಕೂಡಿ ವಿಚಾರ ಮಾಡೇವಿ. ತಮ್ಮಗ ಇನ್ನೊಮ್ಮೆ ಹಂಗ ತ್ರಾಸ ಆಗಬಾರದು."

ನನಗೆ ಒಂದು ಕ್ಷಣ ಹಿತವೆನಿಸಿತು. ಒಳ್ಳೆಯ ಮನುಷ್ಯ, ತಪ್ಪು ಅರ್ಥವಾಗಿದೆ, ಬ್ರೂವರಿ ಬಿಟ್ಟು ಮತ್ತೆ ಗಿರ್ಮಿಟ್ಟಿಗೆ ಬರುತ್ತಾರೆ ಎಂದುಕೊಂಡೆ.

"ಅದಕ್ಕ ಅಂವನ್ನ ಗ್ರೂಪಿನಿಂದ ತಗದೇವ್ರಿ," ಎಂದರು ವಿಜಯಣ್ಣ.

ಚಹಾ ಕಪ್ ಕೆಳಗಿಟ್ಟೆ. "ಅಂವನ್ನ ಯಾಕ ತಗದ್ರಿ? ಬ್ರೂವರಿ ತಗೀಬಹುದಿತ್ತಲ್ಲ?"

ಅವರು ನಿಜವಾಗಿಯೂ ಗೊಂದಲಗೊಂಡು ನನ್ನನ್ನು ನೋಡಿದರು. "ಅದ ಹೆಂಗ ಆಗ್ತೈತ್ರಿ? ಈಗ ಮಂದಿ ಬರೂದ ಅದಕ್ಕ. ಹೆಸರ ಬದಲಾದ ಮ್ಯಾಲ ಹೊಸಬ್ರು ಭಾಳ ಮಂದಿ ಸೇರ್ಯಾರ. ಮತ್ತ ಅಂವ ಎದುರಿಗೆ ಕುಂತ್ರ ನಮಗೂ ಕುಡ್ಯಾಕ ಒಂಥರಾ ಅನಸ್ತೈತಿ."

"ಗುಡ್ಡಕ್ಕ ಬಂದು ಅಲ್ಲಿಂದನ ಮನಿಗೆ ಹೋಗ್ತಾನ. ಅದಕ್ಕೇನ ತೊಂದ್ರಿ?"

"ಗಾಡಿ ಎಲ್ಲಾ ಆ ಕಡೆನ ಹೋಗ್ತಾವಲ್ರಿ," ಎಂದರು. ಆಮೇಲೆ ಫೇಡೆ ಬಾಕ್ಸಿನ ಮುಚ್ಚಳ ತೆಗೆದು ಮುಂದೆ ಹಿಡಿದರು. "ಸಿಟ್ಟ ಬಿಡ್ರಿ. ಒಂದ ಫೇಡೆ ತಗೋರಿ."

"ಶುಗರ್ ಐತ್ರಿ," ಎಂದೆ.

"ಒಂದಕ್ಕ ಏನ ಆಗೂದಿಲ್ರಿ ಅಕ್ಕಾರ. ನೀವು ತಗೊಳ್ಳಿಲ್ಲಂದ್ರ ನನಗ ಬ್ಯಾಸರ ಆಗ್ತೈತಿ."

ನಾನು ತೆಗೆದುಕೊಳ್ಳಲಿಲ್ಲ. ಅವರು ಬಾಕ್ಸನ್ನು ಟೀಪಾಯಿ ಮೇಲೆ ಬಿಟ್ಟು ಹೋದರು.

ಅವರು ಕೆಟ್ಟವರಾಗಿದ್ದರೆ ಈ ಅಂಕಣ ನಾಲ್ಕು ಸಾಲಿನಲ್ಲಿ ಮುಗಿಯುತ್ತಿತ್ತು. ತಮ್ಮ ಎರಡನೇ ಸಲ ಆಸ್ಪತ್ರೆಯಲ್ಲಿದ್ದಾಗ, ಯಾವ ಕಾಯಿಲೆ ಎಂದು ಕೂಡ ಕೇಳದೆ, ಗೌರಿಗೆ ಹತ್ತು ದಿನ ಊಟದ ಡಬ್ಬಿ ಕಳಿಸಿದವರು ಇದೇ ವಿಜಯಣ್ಣ. ಹಾಗಾಗಿಯೇ ನನ್ನ ಸಿಟ್ಟಿಗೆ ಎಲ್ಲಿ ಹೋಗಬೇಕು ಎಂದು ತಿಳಿಯುತ್ತಿಲ್ಲ. ಅವರನ್ನು ಎಷ್ಟು ಬೈದರೂ ಅವರ ಹಿಂದೆ ಇಡೀ ಊರು ನಿಂತಿದೆ, ಕೈಯಲ್ಲಿ ತುಪ್ಪದ ಗಿಂಡಿ ಹಿಡಿದುಕೊಂಡು. ಅತಿಥಿಗೆ ಏನು ಬೇಕು ಎಂದು ಕೇಳುವ ಅಭ್ಯಾಸವೇ ನಮಗಿಲ್ಲ. ನಮಗೆ ಏನು ಕೊಡಬೇಕೆನಿಸುತ್ತದೋ ಅದನ್ನು ಅವನ ಬಾಯಿಗೆ ತುರುಕಿ, ಅವನು ನುಂಗಿದ್ದನ್ನು ನೋಡಿ ನಾವು ಸಂತೋಷಪಡುತ್ತೇವೆ. ನುಂಗಲಾರದವನು ಕಂಡರೆ ಅವನನ್ನು ಪಂಗ್ತಿಯಿಂದಲೇ ಎಬ್ಬಿಸುತ್ತೇವೆ, ಅದೂ ಅವನ ಒಳ್ಳೆಯದಕ್ಕೆ.

ತಮ್ಮನಿಗೆ ನಾನು ಹೇಳಬೇಕಾಗಲಿಲ್ಲ. ಗ್ರೂಪಿನಿಂದ ತೆಗೆದದ್ದನ್ನು ಫೋನೇ ಹೇಳಿತ್ತು.

ಮೊನ್ನೆ ಭಾನುವಾರ ಬೆಳಿಗ್ಗೆ ನಾನು ಗೇಟಿಗೆ ಹಾಲು ತರಲು ಹೋದಾಗ ಅವನು ಅವನ ಮನೆಯ ಕಟ್ಟೆಯ ಮೇಲೆ ಶೂ ಹಾಕಿಕೊಂಡು ಕೂತಿದ್ದ. ಓಣಿಯ ತುದಿಯಲ್ಲಿ ವಿಜಯಣ್ಣನ ಕಾರು ತುಂಬುತ್ತಿತ್ತು. ನಗು ಇಲ್ಲಿಯವರೆಗೆ ಕೇಳುತ್ತಿತ್ತು. ಒಬ್ಬಿಬ್ಬರು ಅವನ ಕಡೆ ನೋಡಿ ಕೈ ಬೀಸಿದರು, ಇವನೂ ಬೀಸಿದ. ಕಾರುಗಳು ಹೊರಟುಹೋದವು. ಅವನು ಕೂತೇ ಇದ್ದ. ಗೌರಿ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಹಳೆಯ ಭಾನುವಾರಗಳ ಭಯ ಇತ್ತು.

ಹಾಲನ್ನು ಅಲ್ಲಿಯೇ ಇಟ್ಟು, ಶೂ ಹಾಕಿಕೊಂಡು ಬಂದೆ. ಇಬ್ಬರೂ ನೃಪತುಂಗ ಬೆಟ್ಟಕ್ಕೆ ಹೋದೆವು. ದೂರದ ಗುಡ್ಡ ಅಲ್ಲ, ಕಾಡಿಲ್ಲ, ಎರೆಹೊಲ ಇಲ್ಲ, ಊರೊಳಗಿನ ಗುಡ್ಡ. ಆದರೂ ಗುಡ್ಡವೇ. ನನ್ನ ಮೊಣಕಾಲಿಗಾಗಿ ಅವನು ಅಲ್ಲಲ್ಲಿ ನಿಂತು ಕಾದ. ಮೇಲೆ ಹೋಗಿ ಬೆಂಚಿನ ಮೇಲೆ ಕೂತೆವು. ಗೌರಿ ಥರ್ಮಾಸಿನಲ್ಲಿ ಹಾಕಿಕೊಟ್ಟ ಚಹಾ ಇತ್ತು, ಹಚ್ಚಿದ ಅವಲಕ್ಕಿ ಇತ್ತು. ಕೆಳಗೆ ಊರು, ಕೆರೆ, ರೈಲು. ನಾನು ವಿಜಯಣ್ಣನನ್ನು, ಪ್ರೊಫೆಸರನ್ನು, ಬ್ರೂವರಿಯನ್ನು, ಯುರೋಪನ್ನು ಒಂದೊಂದಾಗಿ ಬೈದು ಮುಗಿಸಿದೆ.

ಅವನು ಚಹಾ ಕುಡಿದು ಕಪ್ ಕೆಳಗಿಟ್ಟ. ಸಿಟ್ಟಿಲ್ಲದ ದನಿಯಲ್ಲಿ ಹೇಳಿದ: "ಅಕ್ಕಾ, ನಾ ಕುಡೀತಿದ್ದಾಗ ಒಬ್ರೂ ನನ್ನ ಯಾವ ಗ್ರೂಪಿನಿಂದನೂ ತಗದಿರಲಿಲ್ಲ ನೋಡು."